ಹಿನ್ನೀರಿನಾಚೆಯಿಂದ ಒಂದು ಬಿ.ಎಸ್ಸಿ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಅಪ್ಪ ಓದಿದ್ದು ಏಳನೇ ಕ್ಲಾಸು. ಅಮ್ಮ ನಾಲ್ಕಕ್ಕೇ ಬಿಟ್ಟಳು. ಅಜ್ಜಿ ಮೂರನೇ ಕ್ಲಾಸಿನಲ್ಲಿದ್ದಾಗ ಲಿಂಗನಮಕ್ಕಿ ಡ್ಯಾಮಿನ ನೀರು ಏರಿತು. ಊರಿನ ಜೊತೆ ಶಾಲೆಯೂ ಮುಳುಗಿತು. 1964ರಲ್ಲಿ ಡ್ಯಾಮು ಮುಗಿಯುವ ಹೊತ್ತಿಗೆ ಶರಾವತಿ ಕಣಿವೆಯ ಎಷ್ಟೋ ಕುಟುಂಬಗಳು ಲಾರಿ ಹತ್ತಿ ಶಿವಮೊಗ್ಗದ ಕಡೆಗೆ ಹೋಗಿದ್ದವು. ನಮ್ಮವರು ಮಾತ್ರ ಅಲ್ಲೇ ಗುಡ್ಡ ಹತ್ತಿ ಕೂತರು. ಅಜ್ಜಿಗೆ ಆಮೇಲೆ ಶಾಲೆ ಸಿಗಲಿಲ್ಲ.

ನಮ್ಮದು ಸಾಗರ ತಾಲ್ಲೂಕಿನ ಕರೂರು ಹೋಬಳಿ, ತುಮರಿ ಕಡೆ. ಮುಂದೆ ಹಿನ್ನೀರು, ಹಿಂದೆ ಕಾಡು. ನಾನು ಓದುವಾಗ ಸಾಗರಕ್ಕೆ ಹೋಗಬೇಕಾದರೆ ಕಳಸವಳ್ಳಿಯಲ್ಲಿ ಲಾಂಚ್ ಹತ್ತಿ ಅಂಬಾರಗೋಡ್ಲಿನಲ್ಲಿ ಇಳಿಯಬೇಕಿತ್ತು. ಸಂಜೆ ಕೊನೆಯ ಲಾಂಚ್ ಹೋಯಿತು ಅಂದರೆ ಮುಗೀತು, ಹೊಸನಗರ ಸುತ್ತಿ ಬರಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಬಸ್ಸು ಕಾರುಗಳನ್ನು ಲಾಂಚಿಗೆ ಹತ್ತಿಸುತ್ತಿರಲಿಲ್ಲ, ಜನ ಮಾತ್ರ ದಾಟಬೇಕಿತ್ತು.

ಡಿಗ್ರಿ ಓದುವುದು ಕಷ್ಟ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕೂತು ಓದಿದರೆ ಓದು ಬರುತ್ತದೆ. ಓದಿನ ಸುತ್ತ ಇರುವ ಕೆಲಸಗಳೇ ಬೇರೆ. ಯಾವ ಅರ್ಜಿ ಯಾವಾಗ ಹಾಕಬೇಕು, ಯಾವ ಕಾಗದ ಮೊದಲು ಮಾಡಿಸಬೇಕು, ಯಾರನ್ನು ಕೇಳಬೇಕು. ಅಕ್ಕನೋ ಚಿಕ್ಕಪ್ಪನೋ ಡಿಗ್ರಿ ಓದಿರುವ ಮನೆಗಳಲ್ಲಿ ಇದೆಲ್ಲ ಊಟ ಮಾಡುತ್ತಾ ಗೊತ್ತಾಗಿಬಿಡುತ್ತದೆ. ನಮ್ಮಂಥ ಮನೆಗಳಲ್ಲಿ ಪ್ರತಿಯೊಂದನ್ನೂ ಹೊರಗಿನವರನ್ನು ಕೇಳಿಯೇ ತಿಳಿಯಬೇಕು. ಕೇಳಬೇಕು ಅನ್ನುವುದು ಗೊತ್ತಾಗುವುದಕ್ಕೇ ಎಷ್ಟೋ ಸಲ ಒಂದು ವರ್ಷ ಹೋಗಿಬಿಡುತ್ತದೆ.

2021ರಲ್ಲಿ ನಮ್ಮ ಬ್ಯಾಚಿಗೆ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಕೋವಿಡ್ ಎರಡನೇ ಅಲೆಯ ಕಾಲ. ಹತ್ತನೇ ಕ್ಲಾಸಿನ ಮತ್ತು ಪ್ರಥಮ ಪಿಯುಸಿಯ ಅಂಕ ನೋಡಿ ಫಲಿತಾಂಶ ಕೊಟ್ಟರು. ನಾನು ಪಿಯುಸಿ ಓದಿದ್ದು ಸಾಗರದಲ್ಲಿ, ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು. ಲಾಕ್‌ಡೌನಿನಲ್ಲಿ ಊರಿಗೆ ಬಂದೆ. ಆನ್‌ಲೈನ್ ಕ್ಲಾಸಿಗೆ ಮನೆ ಹಿಂದಿನ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಒಂದು ಬಂಡೆ ಹತ್ತಿರ ಛತ್ರಿ ಹಿಡಿದು ಕೂರುತ್ತಿದ್ದೆ. ಹೋಬಳಿಯ ಮಕ್ಕಳೆಲ್ಲ ಆಗ ಹಾಗೆಯೇ ಓದಿದ್ದು.

ರಿಸಲ್ಟ್ ಬಂದ ದಿನ ಅಪ್ಪ ಹೇಳಿದ್ದು ಇಷ್ಟೇ: "ಮುಂದೆ ಏನ್ ಓದ್ಬೇಕು ಅಂತ ನಂಗ್ ಗೊತ್ತಿಲ್ಲ ಮಗಾ. ಓದೋದ್ ಮಾತ್ರ ಬಿಡ್ಬೇಡ."

ನನ್ನನ್ನು ಬಿ.ಎಸ್ಸಿಗೆ ಹಚ್ಚಿದವರು ಪಿಯುಸಿಯಲ್ಲಿ ಕೆಮಿಸ್ಟ್ರಿ ಹೇಳಿದ ಸರ್. ಕರೆದು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಟಿಸಿ, ಅಂಕಪಟ್ಟಿಯ ಜೆರಾಕ್ಸ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ. ಕೆಳಗೆ ಗೆರೆ ಎಳೆದು "ಹಾಸ್ಟೆಲಿಗೆ ಬೇರೆ ಅರ್ಜಿ, ಸ್ಕಾಲರ್‌ಶಿಪ್ಪಿಗೆ ಬೇರೆ ಅರ್ಜಿ" ಅಂತ ಬರೆದಿದ್ದರು. ಆ ಕೊನೆಯ ಸಾಲು ಇಲ್ಲದೇ ಹೋಗಿದ್ದರೆ ಕಾಲೇಜಿಗೆ ಸೇರಿದರೆ ಎಲ್ಲವೂ ತಾನಾಗಿ ಸಿಗುತ್ತದೆ ಅಂದುಕೊಂಡೇ ಇರುತ್ತಿದ್ದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಾಗೆಯೇ ಅಂದುಕೊಂಡಿದ್ದಾರೆ.

ಜಾತಿ ಆದಾಯಕ್ಕೆ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಲೆಕ್ಕಿಗರ (ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ) ವರದಿ ಆಗಿ, ಆಮೇಲೆ ಪ್ರಮಾಣಪತ್ರ ಬರುತ್ತದೆ. ಅದರ ಮೇಲಿರುವ ಆರ್‌ಡಿ ನಂಬರ್ ಬಹಳ ಮುಖ್ಯ. ಮುಂದಿನ ಎಲ್ಲ ಅರ್ಜಿಗಳಲ್ಲಿ ಕೇಳುವುದು ಅದನ್ನೇ. ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಹಾಗಾಗಿ ಪಿಯುಸಿಗೆ ಸೇರುವಾಗಲೇ ಹೊಸದಾಗಿ ಮಾಡಿಸಿದರೆ ಡಿಗ್ರಿ ಮುಗಿಯುವ ತನಕ ಅದೇ ಸಾಕು. ಇದನ್ನು ನನಗೆ ಹೇಳಿದ್ದು ನಾಡಕಚೇರಿಯ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಒಬ್ಬ ಹೆಂಗಸು. ಅವರ ಹೆಸರು ಕೇಳಿಕೊಳ್ಳಲೂ ಇಲ್ಲ. ಅವರ ಮಾತು ಮಾತ್ರ ಆಮೇಲೆ ಎಷ್ಟು ಮಕ್ಕಳಿಗೆ ದಾಟಿಸಿದ್ದೇನೋ ಲೆಕ್ಕವಿಲ್ಲ.

ನಿಜವಾದ ಕಷ್ಟ ಇದ್ದದ್ದು ಸ್ಕಾಲರ್‌ಶಿಪ್ ಅರ್ಜಿಯಲ್ಲಿ. ರಾಜ್ಯದ ವಿದ್ಯಾರ್ಥಿವೇತನಕ್ಕೆಲ್ಲ ಎಸ್‌ಎಸ್‌ಪಿ ಅಂತ ಒಂದೇ ಪೋರ್ಟಲ್. ಅರ್ಜಿ ಶುರುವಾಗುವುದೇ ಆಧಾರ್‌ನಿಂದ. ಆಧಾರಿಗೆ ಯಾವ ಫೋನ್ ನಂಬರ್ ಜೋಡಿಸಿದೆಯೋ ಅದಕ್ಕೆ ಒಟಿಪಿ ಬರುತ್ತದೆ. ನನ್ನ ಆಧಾರಿಗೆ ಜೋಡಿಸಿದ್ದು ಅಪ್ಪನ ನಂಬರ್. ನಾನು ಸಾಗರದ ಸೈಬರ್ ಸೆಂಟರಿನಲ್ಲಿ, ಅಪ್ಪ ಹಿನ್ನೀರಿನ ಆಚೆ. ಫೋನು ಮನೆಯಲ್ಲಿದ್ದರೆ ಸಿಗ್ನಲ್ ಇಲ್ಲ. ನಾನು ಬಟನ್ ಒತ್ತುವುದು, ಮೆಸೇಜು ಎಲ್ಲೋ ಗಾಳಿಯಲ್ಲಿ ನಿಲ್ಲುವುದು, ಸಮಯ ಮುಗಿಯುವುದು. ಸೈಬರಿನವರಿಗೂ ಸಾಕಾಗಿಹೋಯಿತು, ಪಾಪ. ಹಿಂದೆ ಉದ್ದ ಸಾಲು ಬೇರೆ.

ಕೊನೆಗೆ ದೊಡ್ಡಮ್ಮನ ಮನೆಯ ಲ್ಯಾಂಡ್‌ಲೈನಿನಿಂದ ನಮ್ಮೂರಿನ ಅಂಗಡಿಗೆ ಫೋನ್ ಮಾಡಿ ಹೇಳಿ ಕಳಿಸಿದೆ. ಮರುದಿನ ಹನ್ನೊಂದು ಗಂಟೆಗೆ ಅಪ್ಪ ಗುಡ್ಡದ ಬಂಡೆ ಮೇಲೆ ಕೂತಿರಬೇಕು ಅಂತ. ಅಪ್ಪ ಅವತ್ತು ಅಡಿಕೆ ಕೊನೆ ತೆಗೆಯುವ ಕೆಲಸ ಬಿಟ್ಟು ಹತ್ತು ಗಂಟೆಗೇ ಹೋಗಿ ಕೂತಿದ್ದನಂತೆ. ಒಟಿಪಿ ಬಂತು. ಅಪ್ಪ ಒಂದೊಂದೇ ಅಂಕಿ ಬಿಡಿಸಿ ಹೇಳಿದ, ನಾನು ಒಂದೊಂದೇ ಟೈಪ್ ಮಾಡಿದೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಒಟಿಪಿ. "ಇನ್ನೂ ಐತಾ? ನಾನ್ ಇಲ್ಲೇ ಇರ್ತೀನಿ ಹಂಗಾರೆ," ಅಂದ. ಅರ್ಜಿ ಪೂರ್ತಿ ಸಲ್ಲಿಕೆಯಾಗುವ ತನಕ ಅಪ್ಪ ಬಂಡೆ ಬಿಟ್ಟು ಇಳಿಯಲಿಲ್ಲ. ಬೆನ್ನಿಗೆ ಮಳೆ ಹಿಡಿದಿತ್ತಂತೆ. ಅದನ್ನು ಅಮ್ಮ ಆಮೇಲೆ ಹೇಳಿದಳು.

ಅಲ್ಲಿಗೂ ಮುಗಿಯಲಿಲ್ಲ. ಹತ್ತನೇ ಅಂಕಪಟ್ಟಿಯಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ ಇದೆ, ಆಧಾರ್‌ನಲ್ಲಿ ಮುಂದೆ. ಎರಡೂ ಹೊಂದಲಿಲ್ಲ. ಇಂಥ ಕಡೆ ಅಂಕಪಟ್ಟಿ ತಿದ್ದಿಸಲು ಹೋಗಬಾರದು, ಅದು ದೊಡ್ಡ ಕೆಲಸ. ಅಂಕಪಟ್ಟಿಯನ್ನೇ ದಾಖಲೆಯಾಗಿ ಕೊಟ್ಟು ಆಧಾರ್ ತಿದ್ದಿಸಿದರೆ ಬೇಗ ಆಗುತ್ತದೆ. ಆಮೇಲೆ ಬ್ಯಾಂಕು. ಸ್ಕಾಲರ್‌ಶಿಪ್ ದುಡ್ಡು ನಾವು ಫಾರಂನಲ್ಲಿ ಬರೆದ ಖಾತೆಗೆ ಬರುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ಬರುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ನನ್ನದು ಬಂದದ್ದು ಪ್ರೈಮರಿ ಶಾಲೆಯಲ್ಲಿದ್ದಾಗ ತೆಗೆಸಿದ್ದ ಹಳೇ ಖಾತೆಗೆ. ಅದರ ಪಾಸ್‌ಬುಕ್ ಮನೆಯಲ್ಲಿ ಜೋಪಾನವಾಗಿತ್ತು.

ಜೋಪಾನವಾಗಿದ್ದದ್ದು ಅಪ್ಪನ ಟ್ರಂಕಿನಲ್ಲಿ. ಈ ಟ್ರಂಕಿನ ವಿಷಯ ಸ್ವಲ್ಪ ಹೇಳಬೇಕು. ಮುಳುಗಡೆಯಾಗಿ ಬಂದ ಮೇಲೆ ನಾವು ಉಳುವ ಜಮೀನಿಗೆ ಇವತ್ತಿಗೂ ನಮ್ಮ ಹೆಸರಿನ ಪಹಣಿ ಇಲ್ಲ. ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ಅಜ್ಜ ಕೊಟ್ಟ ಅರ್ಜಿಗಳು, ಫಾರಂ 50, ಫಾರಂ 53, ಅಪ್ಪ ಕೊಟ್ಟ ಫಾರಂ 57, ಒಂದೊಂದರ ಸ್ವೀಕೃತಿ, ದಂಡದ ರಸೀದಿ, ಎಲ್ಲ ಆ ಟ್ರಂಕಿನಲ್ಲಿವೆ. ಪ್ಲಾಸ್ಟಿಕ್ ಕವರು, ಕವರಿನ ಬಾಯಿಗೆ ರಬ್ಬರ್ ಬ್ಯಾಂಡು, ಒಳಗೆ ನುಸಿಗುಳಿಗೆ. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಉಳಿಸುವುದು ಅಂದರೆ ಸುಮ್ನೆ ಅಲ್ಲ. ಬಿಸಿಲು ಬಿದ್ದ ದಿನ ಅಮ್ಮ ಅವನ್ನೆಲ್ಲ ಅಂಗಳದಲ್ಲಿ ಹರಡಿ ಒಣಗಿಸುತ್ತಾಳೆ.

ನಾನು ಕಾಲೇಜಿಗೆ ಹೊರಟಾಗ ಅಪ್ಪ ಹೇಳಿದ ಒಂದೇ ಬುದ್ಧಿಮಾತು: "ಎಲ್ಲೇ ಕಾಗ್ದ ಕೊಡು, ಸ್ವೀಕೃತಿ ಇಸ್ಕಳ್ದೆ ಬರ್ಬೇಡ." ಇದು ಅಪ್ಪನಿಗೆ ಕಾಲೇಜಿನಿಂದ ಬಂದ ತಿಳಿವಳಿಕೆ ಅಲ್ಲ, ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತು ಬಂದದ್ದು. ಒಂದು ಸೆಮಿಸ್ಟರಿನಲ್ಲಿ ಪರೀಕ್ಷಾ ಶುಲ್ಕ ಕಟ್ಟಿದ್ದರೂ ಕಟ್ಟಿಲ್ಲ ಅಂತ ತೋರಿಸಿ ನನ್ನ ಹಾಲ್ ಟಿಕೆಟ್ ಬರಲಿಲ್ಲ. ಪರೀಕ್ಷೆಗೆ ಇನ್ನೇನು ಕೆಲವೇ ದಿನ. ಜೊತೆಯವರು ಕೆಲವರು ಹೆದರಿ ಎರಡನೇ ಸಲ ದುಡ್ಡು ಕಟ್ಟಿದರು. ನನ್ನ ಹತ್ತಿರ ಪ್ರಿಂಟ್ ಹಾಕಿಸಿದ ರಸೀದಿ ಇತ್ತು. ತೋರಿಸಿದೆ, ಕೆಲಸ ಆಯಿತು. ಹೀಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕಾಲೇಜು ಗೊತ್ತಿರಲಿಲ್ಲ, ಅಷ್ಟೇ. ಕಚೇರಿ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು.

ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿನ ಮೊದಲ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ದೊಡ್ಡಮ್ಮನ ಮನೆಗೆ ಸೊಸೆ ಬಂದಿದ್ದಳು, ಅಲ್ಲಿ ಇನ್ನು ಇರುವ ಹಾಗಿರಲಿಲ್ಲ. ಎರಡನೇ ಪಟ್ಟಿಯಲ್ಲಿ ಸೀಟು ಸಿಕ್ಕಿತು. ಸಿಗದೇ ಇದ್ದಿದ್ದರೆ ವಿದ್ಯಾಸಿರಿಗೆ ಹಾಕುವುದು ಅಂತ ಮೇಡಂ ಒಬ್ಬರು ಹೇಳಿದ್ದರು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಆಗ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದ ಯೋಜನೆ ಅದು. ಇದು ಗೊತ್ತಿಲ್ಲದೆ, ಹಾಸ್ಟೆಲ್ ಸಿಗಲಿಲ್ಲ ಅಂತ ಊರಿಗೆ ವಾಪಸ್ ಹೋದ ಹುಡುಗಿಯರನ್ನು ನಾನು ಬಲ್ಲೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮದು ಹೊಸ ಶಿಕ್ಷಣ ನೀತಿಯ ಮೊದಲ ಬ್ಯಾಚು. ಅದರಿಂದ ನನಗೊಂದು ಅನುಕೂಲವೇ ಆಯಿತು ಅಂತ ಈಗ ಅನ್ನಿಸುತ್ತದೆ. ಓಪನ್ ಎಲೆಕ್ಟಿವ್ ಅಂದರೇನು, ಕ್ರೆಡಿಟ್ ಹೇಗೆ ಲೆಕ್ಕ, ಸೈನ್ಸಿನವರು ಬೇರೆ ವಿಭಾಗದ ಪೇಪರ್ ಯಾಕೆ ತಗೋಬೇಕು, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಣ್ಣ, ಅಕ್ಕ ಡಿಗ್ರಿ ಮಾಡಿದವರೂ ನನ್ನ ಹಾಗೆಯೇ ನೋಟಿಸ್ ಬೋರ್ಡಿನ ಮುಂದೆ ನಿಂತಿರುತ್ತಿದ್ದರು. ಮೊದಲ ಸಲ ನನಗೆ ಎಲ್ಲರ ಮುಂದೆ ಕೈ ಎತ್ತಿ ಕೇಳುವುದಕ್ಕೆ ನಾಚಿಕೆ ಆಗಲಿಲ್ಲ. ಪ್ರತಿ ಥಿಯರಿ ಪೇಪರಿಗೂ ಪರೀಕ್ಷೆಗೆ 60, ಇಂಟರ್ನಲ್ಸಿಗೆ 40 ಅಂತ ಗೊತ್ತಾಗಿದ್ದು ಹಾಗೆ ಕೇಳಿದ್ದಕ್ಕೇ. ನಲವತ್ತು ಅಂದರೆ ಕಡಿಮೆಯಲ್ಲ. ಟೆಸ್ಟು, ಅಸೈನ್‌ಮೆಂಟು, ಸೆಮಿನಾರು ತಪ್ಪಿಸದೆ ಮಾಡಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಇಂಗ್ಲಿಷು ಮೊದಲ ವರ್ಷ ಬಹಳ ಸತಾಯಿಸಿತು. ಹತ್ತರ ತನಕ ಕನ್ನಡ ಮಾಧ್ಯಮ. ಪಿಯುಸಿಯ ಅರ್ಧ ಮೊಬೈಲಿನಲ್ಲಿ ಕಳೆದಿತ್ತು. ಮೊದಲು ಕನ್ನಡದಲ್ಲಿ ಅರ್ಥ ಬರೆದುಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆದು ರೂಢಿ ಮಾಡಿಕೊಂಡೆ. ಎರಡನೇ ವರ್ಷಕ್ಕೆ ಸರಾಗವಾಯಿತು.

ಆ ಎರಡನೇ ವರ್ಷದಲ್ಲೇ ಉಪ್ಪಾಗೆಯ ಪಾಠ ಬಂದದ್ದು. ಇದನ್ನು ಬರೆಯದೆ ಬಿಡಲಾರೆ.

ಮಳೆಗಾಲ ಬಂದರೆ ಅಮ್ಮ, ಅಜ್ಜಿ ಇಬ್ಬರೂ ಕಾಡಿಗೆ ಹೋಗಿ ಉಪ್ಪಾಗೆ ಅನ್ನುವ ಹುಳಿಕಾಯಿ ತರುತ್ತಾರೆ. ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಕೆಳಗೆ ಬೆಂಕಿ ಹಾಕಿ ಒಣಗಿಸುತ್ತಾರೆ. ಬಿಸಿಲೇ ಇಲ್ಲದ ಜುಲೈ ತಿಂಗಳಲ್ಲಿ ಬೇರೆ ದಾರಿಯಿಲ್ಲ. ರಾತ್ರಿಯಿಡೀ ಬೆಂಕಿ ನೋಡಿಕೊಳ್ಳಬೇಕು, ಹೊಗೆಗೆ ಕಣ್ಣು ಕೆಂಪಗಾಗುತ್ತದೆ. ಕಪ್ಪಾದ ಸಿಪ್ಪೆಯನ್ನು ವ್ಯಾಪಾರಿ ಬಂದು ತೂಗಿ ಒಯ್ಯುತ್ತಾನೆ. ಬೀಜದಿಂದ ತೆಗೆದ ತುಪ್ಪ ಮನೆಗೆ. ನನ್ನ ಪರೀಕ್ಷಾ ಶುಲ್ಕ, ರೆಕಾರ್ಡ್ ಬುಕ್ಕು, ಲ್ಯಾಬ್ ಕೋಟು ಎಲ್ಲ ಬಂದದ್ದು ಈ ಸಿಪ್ಪೆಯ ದುಡ್ಡಿನಿಂದ. ಅಡಿಕೆ ಸುಲಿಯುವ ಕೂಲಿ ಸಿಗುವುದು ಸುಗ್ಗಿಯಲ್ಲಿ ಮಾತ್ರ, ಕಾಲೇಜು ದುಡ್ಡು ಕೇಳುವುದು ಮಳೆಗಾಲದಲ್ಲಿ.

ಬಾಟನಿ ಕ್ಲಾಸಿನಲ್ಲಿ ಒಂದು ದಿನ ಮೇಡಂ ಗಾರ್ಸೀನಿಯಾ ಜಾತಿಯ ಮರಗಳ ಬಗ್ಗೆ ಹೇಳುತ್ತಿದ್ದರು. ಮುರುಗಲು, ಉಪ್ಪಾಗೆ ಎಲ್ಲ ಅದೇ ಕುಟುಂಬ. ಅವುಗಳ ಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇರುತ್ತದೆ, ತೂಕ ಇಳಿಸುವ ಮಾತ್ರೆಗಳಿಗಾಗಿ ಅದಕ್ಕೆ ಹೊರದೇಶಗಳಲ್ಲಿ ಬೇಡಿಕೆ ಇದೆ ಅಂದರು. ನಾನು ಬರೆಯುವುದನ್ನು ನಿಲ್ಲಿಸಿ ಕೂತೆ. ಅಮ್ಮನ ಬೆರಳ ಸಂದಿಯ ಚರ್ಮ ಪ್ರತಿ ಮಳೆಗಾಲದಲ್ಲಿ ಏಳುವುದು ಯಾಕೆ ಅಂತ ಅವತ್ತು ಗೊತ್ತಾಯಿತು. ಆ ಹುಳಿ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಗೊತ್ತಾಯಿತು. ನಮ್ಮ ಅಟ್ಟದಿಂದ ಹೊರಟ ಸಿಪ್ಪೆ ಯಾವುದೋ ದೇಶದ ಔಷಧಿ ಅಂಗಡಿಗೆ ಹೋಗುತ್ತಿತ್ತು. ಅಮ್ಮನಿಗೆ ಗೊತ್ತಿದ್ದದ್ದು ವ್ಯಾಪಾರಿಯ ತಕ್ಕಡಿಯ ತನಕ ಮಾತ್ರ.

ಮೇಡಂ ಆ ಮರಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಇರುತ್ತವೆ ಅಂತಲೂ ಹೇಳಿದರು. ಹರ್ಬೇರಿಯಮ್ಮಿಗೆ, ಅಂದರೆ ಒತ್ತಿ ಒಣಗಿಸಿದ ಗಿಡಗಳ ಸಂಗ್ರಹಕ್ಕೆ, ಎರಡರದ್ದೂ ಹೂವಿನ ರೆಂಬೆ ಬೇಕಿತ್ತು. ಮಾರ್ಚ್ ತಿಂಗಳಲ್ಲಿ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ. ಅಜ್ಜಿ ಕೋಲು ಹಿಡಿದು ಮುಂದೆ ಹೊರಟಳು. "ಈ ಮರ ಹೂ ಬಿಡ್ತದೆ, ಯಾವತ್ತೂ ಕಾಯಿ ಕಚ್ಚಲ್ಲ. ಹಂಗಂತ ಕಡಿಯಕೂ ಆಗಲ್ಲ. ಇದನ್ ಕಡಿದ್ರೆ ಸುತ್ತಿನ್ ಮರ ಎಲ್ಲ ಕಾಯಿ ಕಮ್ಮಿ ಮಾಡ್ತವೆ," ಅಂದಳು. ಪುಸ್ತಕದಲ್ಲಿ ಪರಾಗಸ್ಪರ್ಶದ ಪಾಠವಾಗಿ ಇದ್ದದ್ದು ಅಜ್ಜಿಗೆ ಮರಮರವಾಗಿ ಗೊತ್ತಿತ್ತು. ಎರಡೂ ರೆಂಬೆ ತಂದು, ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ ಕೊಟ್ಟೆ. ಮೇಡಂ ಇದನ್ನು ಯಾರು ಗುರುತಿಸಿದ್ದು ಅಂತ ಕೇಳಿದರು. ಹೇಳಿದೆ. ಹಾಳೆಯ ಕೆಳಗೆ ಸಂಗ್ರಹಿಸಿದವರು ಅನ್ನುವ ಕಡೆ ನನ್ನ ಹೆಸರಿನ ಜೊತೆ ಅಜ್ಜಿಯ ಹೆಸರನ್ನೂ ಬರೆಯಲು ಹೇಳಿದರು. ಕಾಲೇಜಿನಲ್ಲಿ ಕಳೆದ ಅಷ್ಟೂ ದಿನಗಳಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ಆದದ್ದು ಅವತ್ತು. ರ‍್ಯಾಂಕ್ ಬಂದಿದ್ದರೂ ಅಷ್ಟು ಖುಷಿ ಆಗುತ್ತಿರಲಿಲ್ಲ.

ಮದುವೆಯ ಮಾತು ಬಂತು, ಹೋಯಿತು. ಮೂರನೇ ವರ್ಷದಲ್ಲಿ ನೆಂಟರೊಬ್ಬರು ಮನೆಗೇ ಬಂದು ಕೂತರು. ಅಮ್ಮ ಚಹಾ ಕೊಟ್ಟು, "ಅವ್ಳ ಪರೀಕ್ಷೆ ಮುಗೀಲಿ ಭಾವ," ಅಂದಳು. ಪರೀಕ್ಷೆ ಮುಗಿದ ಮೇಲೆ ಅವರು ಬಂದಾಗಲೂ ಅದನ್ನೇ ಅಂದಳು.

ಇನ್ನೊಂದು ವಿಷಯ ಬರೆಯಬೇಕು. ಬ್ಯಾಕ್‌ಲಾಗ್ ಉಳಿದರೆ ಮುಂದಿನ ಸಲ ಬರೆದರಾಯಿತು ಅಂತ ನನ್ನ ಗೆಳತಿಯರು ಸಲೀಸಾಗಿ ಅನ್ನುತ್ತಿದ್ದರು. ಅವರ ಮನೆಯಲ್ಲಿ ಅದು ಏನು ಅಂತ ಗೊತ್ತಿರುವವರು ಇದ್ದರು. ನಮ್ಮೂರಿನಲ್ಲಿ ಒಂದು ಪೇಪರ್ ಹೋಯಿತು ಅಂದರೆ "ಫೇಲಾದಳಂತೆ" ಅಂತಲೇ ಸುದ್ದಿ. ನನ್ನ ಹಿಂದೆ ಬರಬೇಕಾದ ಹುಡುಗಿಯರನ್ನು ಕಳಿಸದೇ ಇರುವುದಕ್ಕೆ ಅಷ್ಟು ಸಾಕು. ಈ ಭಾರ ಮೊದಲು ಹೋದವರ ಮೇಲೆ ಯಾವತ್ತೂ ಇರುತ್ತದೆ. ಪಾಠ ಮಾಡುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು. ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂತಿರುವ ಹುಡುಗಿಗೆ ಆಸಕ್ತಿ ಇಲ್ಲ ಅಂತ ಅಲ್ಲ. ಅವಳು ಒಂದೂ ತಪ್ಪು ಆಗಬಾರದು ಅಂತ ಉಸಿರು ಬಿಗಿಹಿಡಿದು ಕೂತಿರುತ್ತಾಳೆ.

2024ರಲ್ಲಿ ಡಿಗ್ರಿ ಮುಗಿಯಿತು. ನಾವು ಸೇರುವಾಗ ನಾಲ್ಕು ವರ್ಷದ ಆನರ್ಸ್ ಅಂದಿದ್ದರು, ಮೂರಕ್ಕೇ ಬಿಟ್ಟು ಹೋಗುವ ಅವಕಾಶವೂ ಇತ್ತು. ನಾನು ಮೂರಕ್ಕೆ ಮುಗಿಸಿ ಎಂ.ಎಸ್ಸಿಗೆ ಅರ್ಜಿ ಹಾಕಿದೆ. ರಿಸಲ್ಟ್ ಹೇಳಿದಾಗ ಅಜ್ಜಿ ಕೇಳಿದ್ದು, "ಇನ್ನೆಷ್ಟ್ ಕ್ಲಾಸ್ ಉಳೀತು?" ಅಂತ. ಎರಡು ವರ್ಷ ಅಂದೆ. "ಮುಗ್ಸೇ ಬಿಡು," ಅಂದಳು.

ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದಾಗ ಅಪ್ಪನಿಗೆ ಅದನ್ನು ಲ್ಯಾಮಿನೇಟ್ ಮಾಡಿಸುವ ಆಸೆ. ಕಾಲೇಜು ಆಫೀಸಿನವರು ಬೇಡ ಅಂದಿದ್ದರು. ಪರಿಶೀಲನೆಗೆ, ಸೀಲು ಹಾಕಿಸುವುದಕ್ಕೆ ತೊಂದರೆಯಾಗುತ್ತದೆ. ಹಾಗಾಗಿ ಅದೂ ಟ್ರಂಕಿಗೆ ಹೋಯಿತು, ಫಾರಂ 57ರ ಸ್ವೀಕೃತಿ ಇರುವ ಕವರಿನ ಪಕ್ಕದ ಕವರಿಗೆ.

ಈಗ ಶಂಕರಘಟ್ಟದಲ್ಲಿದ್ದೇನೆ. ಕುವೆಂಪು ವಿಶ್ವವಿದ್ಯಾಲಯದ ಕ್ಯಾಂಪಸ್ಸು ಭದ್ರಾವತಿ ತಾಲ್ಲೂಕಿನ ಕಾಡಿನ ಅಂಚಿನಲ್ಲಿದೆ. ಊರಿನ ನೆನಪು ಬಂದರೂ ತೀರಾ ಪರಕೀಯ ಅನ್ನಿಸುವುದಿಲ್ಲ. ಎಂ.ಎಸ್ಸಿ ಮುಗಿಯುತ್ತಾ ಬಂತು. ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುವುದಕ್ಕೆ, ಸಂಶೋಧನೆಗೆ ಬೇಕಾಗುವ ನೆಟ್, ಕೆ-ಸೆಟ್, ಜೆಆರ್‌ಎಫ್ ಅನ್ನುವ ಮಾತುಗಳು ಶುರುವಾದಾಗ ಮತ್ತೆ ಮೊದಲಿಂದ ಕೇಳಿ ತಿಳಿಯಬೇಕಾಯಿತು. ಮನೆಯಲ್ಲಿ ಮೊದಲು ಹೋದವರಿಗೆ ಪ್ರತಿ ಮೆಟ್ಟಿಲೂ ಹೊಸದೇ. ಈಗ ಕೇಳುವುದಕ್ಕೆ ಹಿಂಜರಿಕೆ ಮಾತ್ರ ಇಲ್ಲ.

ನಮ್ಮೂರೂ ಬದಲಾಗಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಬಸ್ಸು ನೇರ ಸಾಗರಕ್ಕೆ ಹೋಗುತ್ತದೆ. ಕೊನೆಯ ಲಾಂಚಿನ ಹೆದರಿಕೆ ಇಲ್ಲದ ಮೇಲೆ ದಿನಾ ಹೋಗಿಬಂದು ಓದುವ ಹುಡುಗಿಯರು ಜಾಸ್ತಿ ಆಗುತ್ತಾರೆ ಅನ್ನುವ ಆಸೆ ನನ್ನದು. ಸೇತುವೆ ನೀರು ದಾಟಿಸುತ್ತದೆ, ಅರ್ಜಿ ದಾಟಿಸುವುದಿಲ್ಲ. ಅದಕ್ಕೆ ಜನ ಬೇಕು.

ಅದಕ್ಕೇ ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ರಜೆ ಹಾಕಿ ಊರಿಗೆ ಹೋಗುತ್ತೇನೆ. ಮನೆಯ ಜಗಲಿಯಲ್ಲಿ ಒಬ್ಬೊಬ್ಬರ ಕಾಗದ ತೆಗೆಸಿ ನೋಡುತ್ತೇನೆ. ಮೊದಲು ಆರ್‌ಡಿ ನಂಬರ್. ಆಮೇಲೆ ಅಂಕಪಟ್ಟಿಯ ಹೆಸರು, ಆಧಾರ್‌ನ ಹೆಸರು ಎರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸುವುದು. ಆಮೇಲೆ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಬ್ಯಾಂಕಿನಲ್ಲಿ ಕೇಳಿ ಬರಲು ಹೇಳುವುದು. ತಾಯಂದಿರೂ ಬಂದು ಕೂರುತ್ತಾರೆ. ಅವರಿಗೆ ನಾನು ಹಾಸ್ಟೆಲ್ ಅರ್ಜಿ ಬೇರೆ, ಸ್ಕಾಲರ್‌ಶಿಪ್ ಅರ್ಜಿ ಬೇರೆ ಅಂತ ಎರಡೆರಡು ಸಲ ಹೇಳುತ್ತೇನೆ. ಸ್ವೀಕೃತಿ ತಗೊಂಡೇ ಬನ್ನಿ ಅಂತ ಹೇಳುವುದನ್ನು ಮಾತ್ರ ಅಪ್ಪನಿಗೇ ಬಿಟ್ಟಿದ್ದೇನೆ. ಅಪ್ಪ ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ.

ಈ ಸಲ ಕೆಳಗಿನ ಮನೆಯ ಹುಡುಗಿಗೆ ಬಿ.ಕಾಂ ಸೇರುವ ಆಸೆ. ಅವಳ ಕಾಗದ ಎಲ್ಲ ಸರಿ ಇವೆ, ಆಧಾರ್‌ನಲ್ಲಿರುವ ಫೋನ್ ನಂಬರ್ ಮಾತ್ರ ಬೆಂಗಳೂರಿನಲ್ಲಿರುವ ಅವಳ ಚಿಕ್ಕಪ್ಪನದು. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಸಾಗರದ ಆಧಾರ್ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಅವಳ ಅಮ್ಮನೂ ಬರುತ್ತಾರೆ. ಕೆಲಸ ಹೇಗೆ ಆಗುತ್ತದೆ ಅಂತ ಅವರೂ ನೋಡಿಕೊಳ್ಳಲಿ, ಮನೆಯಲ್ಲಿ ಇನ್ನೊಬ್ಬಳು ಹತ್ತನೇ ಕ್ಲಾಸಿನಲ್ಲಿದ್ದಾಳೆ.